ನಂಬರ್ ಸಂಗಡ ಬಂತು

ಮಂಗಳವಾರದಿಂದ ಒಂದೇ ಮಾತು ಕಿವಿಯಲ್ಲಿ ಕೂತಿದೆ. "ನಂಬರ್ ಸಂಗಡ ಬರ್ತದಾ ತಂಗಿ? ನಮ್ಮ ಸಂಗಡ ಏನೂ ಬರ್ಲಿಲ್ಲ ನೋಡು."

ನಮ್ಮ ಅಡಿಕೆ ಮಂಡಿಯ ಲೆಕ್ಕದ ವಿಭಾಗ ಈ ವಾರ ಶಿವಮೊಗ್ಗದ ಗಾಂಧಿ ಬಜಾರಿನಿಂದ ಸಾಗರ ರಸ್ತೆಯ ಎಪಿಎಂಸಿ ಕಡೆಗೆ ಬಂತು. ಮೇಜು, ಬೀರು, ಹಳೇ ಲೆಡ್ಜರುಗಳೆಲ್ಲ ಲಗೇಜ್ ಆಟೋದಲ್ಲಿ ಹೋದವು. ನನ್ನ ಮೇಜಿನ ಫೋನನ್ನು ಮಾತ್ರ ನಾನೇ ತೊಡೆ ಮೇಲೆ ಇಟ್ಟುಕೊಂಡು ಬಂದೆ. ಅದರ ಎಕ್ಸ್‌ಟೆನ್ಷನ್, ಅಂದರೆ ಆಫೀಸಿನ ಒಳಗಿನ ನಂಬರ್, 24. ರಾಶಿ ಅಡಿಕೆ ಎಷ್ಟಾಯ್ತು, ಬೆಟ್ಟೆ ಅಡಿಕೆ ಎಷ್ಟಕ್ಕೆ ಹೋಯ್ತು, ನಮ್ಮ ಮಾರಾಟದ ಪಟ್ಟಿ ಆಯ್ತಾ ಅಂತ ಬೆಳೆಗಾರರು ಕೇಳುವುದು ಇದೇ 24ಕ್ಕೆ.

ನನಗೆ ಭಯ ಇತ್ತು. ಕೆಲವು ವರ್ಷಗಳ ಹಿಂದೆ ನನ್ನನ್ನು ಕೆಳಗಿನಿಂದ ಮಹಡಿಗೆ ಕಳಿಸಿದಾಗ ಫೋನ್ ಎತ್ತಿಕೊಂಡು ಹೋಗಿ ಸಿಕ್ಕಿಸಿದ್ದೆ. ಅದು 31 ಆಗಿಬಿಟ್ಟಿತ್ತು! ಆಗಿನ ಇಂಟರ್‌ಕಾಮಿನಲ್ಲಿ ನಂಬರ್ ಇದ್ದದ್ದು ಗೋಡೆಯಿಂದ ಬರುವ ಜೋಡಿ ತಂತಿಗೆ, ಫೋನಿಗಲ್ಲ. ತಂತಿಗಳೆಲ್ಲ ಬಂದು ಸೇರುವ ಟ್ಯಾಗ್ ಬ್ಲಾಕಿನಲ್ಲಿ ತಂತಿ ಬದಲಿಸಲು ಮೆಕ್ಯಾನಿಕ್ ಬಂದದ್ದು ನಾಲ್ಕನೇ ದಿನ. ಅಲ್ಲಿವರೆಗೆ 24 ಖಾಲಿ ಕೋಣೆಯಲ್ಲಿ ಬಡ್ಕೊಳ್ತಿತ್ತು. ನಾನು ಮೆಟ್ಟಿಲಿಳಿದು ಓಡುವಷ್ಟರಲ್ಲಿ ಕಟ್ ಆಗ್ತಿತ್ತು.

ಈ ಸಲವೂ ಮ್ಯಾನೇಜರು ಹೇಳಿದ್ದು, "ಎರಡು ದಿನ ಫೋನ್ ಇಲ್ಲದಿದ್ರೆ ಏನಾಯ್ತು? ಎಲ್ಲರ ಹತ್ರ ಮೊಬೈಲ್ ಇದೆಯಲ್ಲ." ಅವರು ಕೆಟ್ಟವರಲ್ಲ. ಆದರೆ ಸಿಗ್ನಲ್‌ಗಾಗಿ ಗುಡ್ಡ ಹತ್ತಿ ಬಂದು ರೇಟ್ ಕೇಳುವವರ ಕಷ್ಟ ಅವರಿಗೆ ಗೊತ್ತಿಲ್ಲ. ಗೊತ್ತು ಮಾಡಿಕೊಳ್ಳಬೇಕಿತ್ತು.

ಕೆಲಸ ಉಳಿಸಿದ್ದು ನಮ್ಮ ನೆಟ್‌ವರ್ಕ್ ನೋಡುವ ಹುಡುಗ. ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. "ಅಕ್ಕಾ, ಇದು ಐಪಿ ಫೋನ್. ನಂಬರ್, ಪಾಸ್‌ವರ್ಡ್ ಎಲ್ಲ ಇದರ ಒಳಗೇ ಇದೆ. ಎಲ್ಲಿ ಸಿಕ್ಕಿಸಿದರೂ ಕರೆ ಜೋಡಿಸುವ ನಮ್ಮ ಎಕ್ಸ್‌ಚೇಂಜನ್ನು ಹುಡುಕಿಕೊಂಡು ಹೋಗಿ, ನಾನು 24, ಈಗ ಇಲ್ಲಿದ್ದೇನೆ ಅಂತ ಹೇಳ್ತದೆ" ಅಂದ. ಎಕ್ಸ್‌ಚೇಂಜ್, 08182ರ ಲ್ಯಾಂಡ್‌ಲೈನ್ ಎರಡೂ ಗಾಂಧಿ ಬಜಾರಿನಲ್ಲೇ ಉಳಿದಿವೆ. ಅವುಗಳ ಸೆಟ್ಟಿಂಗನ್ನು ಅವನು ಮುಟ್ಟಲೇ ಇಲ್ಲ. ಎರಡೂ ಕಟ್ಟಡಗಳ ನಡುವೆ ವಿಪಿಎನ್, ಅಂದರೆ ಇಂಟರ್‌ನೆಟ್ ಮೇಲೆಯೇ ನಮ್ಮದೇ ಒಂದು ಖಾಸಗಿ ದಾರಿ, ಮೊದಲೇ ಹಾಕಿಟ್ಟಿದ್ದ. ಎರಡೂ ಕಡೆ ರೂಟರ್ 192.168.1 ಅಂತಲೇ ವಿಳಾಸ ಕೊಡುತ್ತಿತ್ತಂತೆ. ಹಾಗಿದ್ದರೆ ಯಾವುದು ಯಾವ ಕಡೆಯದು ಅಂತ ಗೊಂದಲ ಆಗ್ತದೆ ಅಂತ ಇಲ್ಲಿಯದನ್ನು 192.168.2 ಮಾಡಿದ್ದ.

ಸಿಕ್ಕಿಸಿದರೆ ಫೋನಿಗೆ ಜೀವವೇ ಇಲ್ಲ. ನನ್ನ ಎದೆ ಧಸಕ್ಕೆಂದಿತು. ಗಾಂಧಿ ಬಜಾರಿನ ನೆಟ್‌ವರ್ಕ್ ಸ್ವಿಚ್ ನೆಟ್ ಕೇಬಲ್‌ನಲ್ಲೇ ಕರೆಂಟನ್ನೂ ಕೊಡ್ತಿತ್ತು, ಇಲ್ಲಿಯದು ಕೊಡುವುದಿಲ್ಲ, ಅಷ್ಟೇ. ಅವನು ಬ್ಯಾಗಿನಿಂದ ಅಡಾಪ್ಟರ್ ತೆಗೆದು ಹಾಕಿದ. ಒಂದೆರಡು ನಿಮಿಷದಲ್ಲಿ ಪರದೆ ಮೇಲೆ 24 ಮೂಡಿತು.

ಮೊದಲ ಕರೆ ನಾಯ್ಕರದ್ದು. ಹೊಸನಗರದ ಕಡೆಯವರು. ಎಪ್ಪತ್ತರ ಹತ್ತಿರ ವಯಸ್ಸು. "ಮೊದ್ಲಿನ ಕುರ್ಚೀಲೇ ಕೂತಿದೀಯೇನೇ ತಂಗಿ?"

"ಇಲ್ಲ ನಾಯ್ಕರೇ, ಜಾಗ ಬದಲಾಗಿದೆ. ನಂಬರ್ ಅದೇ."

ಸ್ವಲ್ಪ ಹೊತ್ತು ಸದ್ದಿಲ್ಲ. ಲೈನ್ ಹೋಯ್ತೇನೋ ಅಂದುಕೊಂಡೆ. ಆಮೇಲೆ ಆ ಮಾತು. "ನಂಬರ್ ಸಂಗಡ ಬರ್ತದಾ ತಂಗಿ? ನಮ್ಮ ಸಂಗಡ ಏನೂ ಬರ್ಲಿಲ್ಲ ನೋಡು."

ಅವರು ಮುಳುಗಡೆಯವರು. ಲಿಂಗನಮಕ್ಕಿ ಕಟ್ಟೆ ಮುಗಿದದ್ದು 1964ರಲ್ಲಿ. ನಾಯ್ಕರು ಆಗ ಚಿಕ್ಕ ಹುಡುಗ. ಶರಾವತಿ ನೀರಿಗೆ ಮನೆ, ಗದ್ದೆ, ತೋಟ ಎಲ್ಲ ಹೋಯ್ತು. ಬೇರೆ ಕಡೆ ಕಾಡು ಕಡಿದು ತೋಟ ಎಬ್ಬಿಸಿದರು. ಆ ತೋಟದ ಅಡಿಕೆಯೇ ನಮ್ಮಲ್ಲಿಗೆ ಬರುವುದು. ಆದರೆ ಆ ಜಾಗದ ಪಹಣಿಯಲ್ಲಿ ಇವತ್ತಿಗೂ ಅವರ ಹೆಸರಿಲ್ಲ. ಪಹಣಿ ಇಲ್ಲದ್ದಕ್ಕೆ ಬೆಳೆ ಸಾಲ ಸಿಗುವುದಿಲ್ಲ. ಮಳೆಗಾಲ ಬಂದರೆ ಮಂಡಿಯಲ್ಲಿ ಮುಂಗಡ ಕೇಳ್ತಾರೆ. ಅದನ್ನು ಬರೆಯುವವಳು ನಾನೇ. ಇಷ್ಟು ವರ್ಷ ಸುಮ್ನೆ ಬರೆದಿದ್ದೇನೆ. ಯಾಕೆ ಕೇಳ್ತಾರೆ ಅಂತ ಯೋಚಿಸಿರಲಿಲ್ಲ.

ನಮ್ಮ ನಾಡಿಗೆ ಕರೆಂಟು ಕೊಟ್ಟದ್ದು ಆ ನೀರು. ನನ್ನ ಮೇಜಿನ ಫೋನಿಗೂ, ಆ ಅಡಾಪ್ಟರಿಗೂ. ಒಂದು ಫೋನ್ ಊರಿನ ಈ ಕಡೆಯಿಂದ ಆ ಕಡೆಗೆ ಬಂದರೆ ಅದರ ಗುರುತು ಒಂದು ಕ್ಷಣವೂ ಕಳೆದುಹೋಗದ ಹಾಗೆ ನೋಡಿಕೊಂಡೆವು. ಮೊದಲೇ ದಾರಿ ಮಾಡಿಟ್ಟು, ವಿಳಾಸ ಸರಿ ಮಾಡಿಟ್ಟು, ಬ್ಯಾಗಿನಲ್ಲಿ ಅಡಾಪ್ಟರ್ ಇಟ್ಟುಕೊಂಡು. ಮನೆ ಬಿಟ್ಟು ಎದ್ದು ಬಂದ ಜನರಿಗೆ ಯಾರಾದರೂ ಇಷ್ಟು ಮಾಡಿದ್ದರೆ ಅಂತ ಮೂರು ದಿನದಿಂದ ಅಂದುಕೊಳ್ತಿದ್ದೇನೆ. ಅರವತ್ತು ವರ್ಷ ಜಾಸ್ತಿ ಆಯ್ತು ಅಲ್ವಾ?

ನಾಯ್ಕರು ಮಾತು ಬೆಳೆಸಲಿಲ್ಲ. ರಾಶಿ ರೇಟ್ ಕೇಳಿದರು, ಹೇಳಿದೆ. ಸೋಮವಾರ ಮಾಲು ತರ್ತಾರಂತೆ. ಬರುವಾಗ ಹಳೇ ಕಾಗದ ಏನಿದೆಯೋ ಎಲ್ಲ ತನ್ನಿ, ಒಮ್ಮೆ ನೋಡ್ತೇನೆ ಅಂದೆ. "ಅದನ್ನ ನೋಡಿ ಏನ್ ಮಾಡ್ತೀ?" ಅಂದರು. ತನ್ನಿ ಅಂದೆ. ಹೊಸ ಜಾಗಕ್ಕೆ ಹೇಗೆ ಬರಬೇಕು ಅಂತ ಎರಡು ಸಲ ದಾರಿ ಹೇಳಿ ಫೋನಿಟ್ಟೆ.