ಅಂಡಮಾನ್‌ಗೆ ಹವಳ ನೋಡಲು ಹೋಗುವವರಿಗೆ

ಬೆಂಗಳೂರಿನಿಂದ ಪೋರ್ಟ್ ಬ್ಲೇರ್‌ಗೆ (ಈಗಿನ ಹೆಸರು ಶ್ರೀ ವಿಜಯಪುರಂ) ನೇರ ವಿಮಾನ ಇದೆ, ಎರಡೂವರೆ ಗಂಟೆ ಚಿಲ್ಲರೆ. ಟ್ರಾಫಿಕ್ ಕೆಟ್ಟಿದ್ದ ದಿನ ಜಯನಗರದಿಂದ ದೇವನಹಳ್ಳಿಗೆ ಹೋಗೋಕೂ ಹೆಚ್ಚುಕಮ್ಮಿ ಅಷ್ಟೇ ಹೊತ್ತು ಬೇಕು.

ಮಕ್ಕಳಿಗೆ ರಜೆ ಅಂತ ಏಪ್ರಿಲ್-ಮೇನಲ್ಲಿ ಹೊರಡಬೇಡಿ. ಸಮುದ್ರ ಜಾಸ್ತಿ ಕಾಯುವುದು ಆಗಲೇ. ಹವಳದೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಇರುತ್ತದೆ, ಹವಳಕ್ಕೆ ಊಟವೂ ಬಣ್ಣವೂ ಹೆಚ್ಚಾಗಿ ಅದರಿಂದಲೇ. ನೀರು ಬೇಸಿಗೆಯ ಮಾಮೂಲಿ ಬಿಸಿಗಿಂತ 1 ಡಿಗ್ರಿ ಏರಿ ಕೆಲವು ವಾರ ಹಾಗೇ ನಿಂತರೆ ಸಾಕು, ಹವಳ ಆ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ. ಬೆಳ್ಳಗಾಯಿತು ಅಂದರೆ ಸತ್ತಿತು ಅಂತಲ್ಲ. ನೀರು ಬೇಗ ತಣಿದರೆ ಚೇತರಿಸಿಕೊಳ್ಳುತ್ತದೆ, ಇಲ್ಲದಿದ್ದರೆ ಹಸಿದು ಸಾಯುತ್ತದೆ. ಅಂಡಮಾನ್‌ನಲ್ಲಿ 2010ರ ಬೇಸಿಗೆಯಲ್ಲಿ ಹೀಗೆ ದೊಡ್ಡ ಮಟ್ಟದಲ್ಲಿ ಆಗಿತ್ತು. ಅಷ್ಟು ಸೋತಿರುವ ಜೀವದ ಮೇಲೆ ನಾವೂ ಹೋಗಿ ಕಾಲೂರಬೇಕಾ?

ಊರುತ್ತಾರೆ ಸ್ವಾಮಿ! ಹ್ಯಾವ್‌ಲಾಕ್ ದ್ವೀಪದ (ಈಗಿನ ಹೆಸರು ಸ್ವರಾಜ್ ದ್ವೀಪ) ಎಲಿಫೆಂಟ್ ಬೀಚ್‌ನಲ್ಲಿ ಫೋಟೋಗಾಗಿ ಹವಳದ ಮೇಲೆ ನಿಂತವರನ್ನು ನಾವೇ ನೋಡಿದೆವು, ಗೈಡ್ "ಭಯ್ಯಾ, ಕಾಲು ಮೇಲೆ, ಕಾಲು ಮೇಲೆ" ಅಂತ ಕೂಗುತ್ತಲೇ ಇದ್ದ. ಈಜು ಬರದಿದ್ದರೆ ಲೈಫ್ ಜಾಕೆಟ್ ಹಾಕಿಕೊಂಡು ಸುಮ್ನೆ ತೇಲಿ. ನೀರು ಇಳಿದಾಗ ಹವಳ ಹೊಟ್ಟೆಗೆ ತಾಗುವಷ್ಟು ಮೇಲಿರುತ್ತದೆ, ಅದಕ್ಕೆ ಉಬ್ಬರ ಯಾವಾಗ ಅಂತ ದೋಣಿಯವರನ್ನು ಕೇಳಿ ಹೋಗಿ. ಸನ್‌ಸ್ಕ್ರೀನ್ ಬಳಿದುಕೊಳ್ಳುವ ಬದಲು ತುಂಬು ತೋಳಿನ ಈಜು ಟೀಶರ್ಟ್ ಇಲ್ಲಿಂದಲೇ ಒಯ್ಯಿರಿ. ಹವಳಕ್ಕೆ ಹಾನಿ ಅಂತ, ಆಕ್ಸಿಬೆಂಜೋನ್ ಅನ್ನುವ ರಾಸಾಯನಿಕ ಇರುವ ಸನ್‌ಸ್ಕ್ರೀನ್ ಮಾರುವುದನ್ನು ಹವಾಯಿಯಲ್ಲಿ 2021ರಿಂದಲೇ ನಿಲ್ಲಿಸಿದ್ದಾರೆ.

ನನ್ನ ಕೇಳಿದರೆ ಎಲಿಫೆಂಟ್ ಬೀಚ್ ಬಿಟ್ಟರೂ ನಷ್ಟವಿಲ್ಲ, ಜಾಲಿ ಬಾಯ್ ಬಿಡಬೇಡಿ. ಪೋರ್ಟ್ ಬ್ಲೇರ್ ಹತ್ತಿರದ ವಂಡೂರಿನ ಮಹಾತ್ಮ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನದ ದ್ವೀಪ ಅದು. ಪ್ಲಾಸ್ಟಿಕ್ ಒಯ್ಯುವಂತಿಲ್ಲ, ರಾತ್ರಿ ಉಳಿಯುವಂತಿಲ್ಲ. ಚಿಪ್ಸ್ ಪ್ಯಾಕೆಟ್ ಬಿಡಲಿಲ್ಲ ಅಂತ ನಮ್ಮ ಗುಂಪಿನಲ್ಲಿ ಗೊಣಗಾಟ ಇತ್ತು, ಗಾಜಿನ ತಳದ ದೋಣಿಯಲ್ಲಿ ಕೂತ ಮೇಲೆ ಎಲ್ಲರೂ ಗಪ್‌ಚುಪ್.

ದಡದಲ್ಲಿ ಬಿದ್ದ ಹವಳದ ಚೂರನ್ನೂ ಬ್ಯಾಗಿಗೆ ಹಾಕಬೇಡಿ. ವನ್ಯಜೀವಿ ಕಾಯ್ದೆಯಲ್ಲಿ ಹುಲಿ ಇರುವ ಪಟ್ಟಿಯಲ್ಲೇ ಹವಳವೂ ಇದೆ, ಏರ್‌ಪೋರ್ಟ್ ತಪಾಸಣೆಯಲ್ಲಿ ಸಿಕ್ಕಿಬಿದ್ದರೆ ವಿಮಾನವೂ ತಪ್ಪೀತು.

ಜಾಲಿ ಬಾಯ್‌ಗೆ ಅರಣ್ಯ ಇಲಾಖೆಯ ಪರ್ಮಿಟ್ ಬೇಕು, ಮೊದಲೇ ಮಾಡಿಸಿ. ಸೋಮವಾರ ರಜೆ. ಮಳೆಗಾಲದಲ್ಲಿ ಅದನ್ನು ಮುಚ್ಚಿ ಪಕ್ಕದ ರೆಡ್ ಸ್ಕಿನ್ ದ್ವೀಪ ತೆರೆಯುತ್ತಾರೆ.