ಕಾಲುಚೀಲದ ಗೆರೆ

ಸೋಮವಾರ, 10 ಮಾರ್ಚ್ 2025, ದಾವಣಗೆರೆ
ರಾತ್ರಿ 10.40

ಇವತ್ತು ಸಂಜೆ ಜಿಮ್‌ನಲ್ಲಿ ಬೆಂಚ್ ಒರೆಸುತ್ತಿದ್ದಾಗ ಒಬ್ಬ ಹುಡುಗ ಹತ್ತಿರ ಬಂದು ಮೆಲ್ಲಗೆ ಕೇಳಿದ. "ಅಣ್ಣಾ, ನಿಮ್ಮತ್ರ ವಾಟರ್ ಮಾತ್ರೆ ಉಳಿದಿದ್ರೆ ಕೊಡ್ತೀರಾ? ಮುಂದಿನ ವಾರ ಬಾಡಿಬಿಲ್ಡಿಂಗ್ ಶೋ ಇದೆ. ಮುಖ ಎಲ್ಲಾ ಊದ್ಕೊಂಡಿದೆ." ವಾಟರ್ ಮಾತ್ರೆ ಅಂದರೆ ಮೈಯ ನೀರನ್ನು ಮೂತ್ರದಲ್ಲಿ ಹೊರಗೆ ಹಾಕಿಸುವ ಮಾತ್ರೆ. ಹುಡುಗನಿಗೆ ಇಪ್ಪತ್ತೆರಡು ವರ್ಷ ಇರಬಹುದು. ಕೆನ್ನೆ ಎಣ್ಣೆ ಹಚ್ಚಿದಂತೆ ಹೊಳೆಯುತ್ತಿತ್ತು, ಕಣ್ಣು ಸಣ್ಣದಾಗಿತ್ತು. ಜನವರಿಯಲ್ಲಿ ನಾನೂ ಹೀಗೇ ಇದ್ದೆ. ಅವನಿಗೆ ಏನು ಹೇಳಿದೆ ಅಂತ ಆಮೇಲೆ ಬರೀತೀನಿ, ಮೊದಲು ನನ್ನ ಕಥೆ.

ಮೈ ಬೆಳೆಸೋಕೆ ಅಂತ ನವೆಂಬರ್ ಕೊನೆಗೆ ಸ್ಟಿರಾಯ್ಡ್ ಶುರು ಮಾಡಿದ್ದು. ಜಿಮ್‌ನ ಒಬ್ಬ ಸೀನಿಯರ್ ತಂದುಕೊಟ್ಟ ಟೆಸ್ಟೋ, ಅಂದರೆ ಗಂಡು ಹಾರ್ಮೋನ್ ಟೆಸ್ಟೋಸ್ಟಿರಾನ್ ಇಂಜೆಕ್ಷನ್, ಜೊತೆಗೆ ಡಿ-ಬೋಲ್ ಅನ್ನೋ ಸ್ಟಿರಾಯ್ಡ್ ಮಾತ್ರೆ. ಎಷ್ಟು ತಗೊಂಡೆ ಅಂತ ಇಲ್ಲಿ ಬರೆಯಲ್ಲ, ಅದನ್ನು ನೋಡಿ ಇನ್ನೊಬ್ಬರು ಅಷ್ಟೇ ತಗೊಳ್ಳೋದು ನನಗೆ ಬೇಡ. ಐದು ವಾರದಲ್ಲಿ ತೂಕ 76ರಿಂದ 83 ಕೆಜಿಗೆ ಹೋಯಿತು. ಶರ್ಟ್ ತೋಳು ಬಿಗಿಯಾಯಿತು, ಎಲ್ಲರೂ "ಸೈಜ್ ಬಂತಲ್ಲೋ" ಅಂದರು, ನಾನೂ ನಂಬಿಬಿಟ್ಟೆ. ಐದು ವಾರದಲ್ಲಿ ಏಳು ಕೆಜಿ ಮಾಂಸಖಂಡ ಯಾರಿಗೂ ಬರಲ್ಲ. ಅದರಲ್ಲಿ ಬಹುಪಾಲು ನೀರು.

ಮೊದಲು ಕಂಡುಹಿಡಿದಿದ್ದು ಅಮ್ಮ. "ಮುಖ ಯಾಕೋ ಬಾತ್ಕೊಂಡಂಗಿದೆ, ನಿದ್ದೆ ಸರಿ ಆಗ್ತಿಲ್ವೇನಪ್ಪ" ಅಂದರು. ಆಮೇಲೆ ಅಜ್ಜನ ಬೆಳ್ಳಿ ಉಂಗುರ ಬೆರಳಲ್ಲಿ ಸಿಕ್ಕಿಕೊಂಡಿತು, ಸೋಪು ಹಚ್ಚಿದರೂ ಬರಲಿಲ್ಲ. ಒಂದು ದಿನ ಕೆಲಸದಿಂದ ಬಂದು ಶೂ ಬಿಚ್ಚಿದೆ. ಕಾಲುಚೀಲದ ಎಲಾಸ್ಟಿಕ್ ಇದ್ದ ಕಡೆ ಆಳವಾದ ಗೆರೆ, ಕೊಟ್ಟಿಗೆಯಲ್ಲಿ ಹಸುವಿನ ಕೊರಳಿಗೆ ಹಗ್ಗ ಒತ್ತಿದ ಹಾಗೆ. ಮೊಣಕಾಲಿನ ಕೆಳಗೆ ಮೂಳೆಯ ಮೇಲೆ ಹೆಬ್ಬೆರಳಿಟ್ಟು ಹತ್ತು ಎಣಿಸುವಷ್ಟು ಹೊತ್ತು ಒತ್ತಿದೆ. ಬೆರಳು ತೆಗೆದರೆ ಅಲ್ಲೊಂದು ಗುಳಿ. ನಾದಿಟ್ಟ ಹಿಟ್ಟಿನಲ್ಲಿ ಬೆರಳೊತ್ತಿದರೆ ಆಗುತ್ತಲ್ಲ, ಹಾಗೆ. ನೋಡುತ್ತಾ ಕೂತೆ. ತುಂಬಲು ಅರ್ಧ ನಿಮಿಷಕ್ಕಿಂತ ಜಾಸ್ತಿ ಹಿಡಿಯಿತು.

ಹೊಟ್ಟೆಯೂ ಉಬ್ಬಿತ್ತು. ಹೊಟ್ಟೆ ಉಬ್ಬರ ಬೇರೆ, ಬಾವು ಬೇರೆ ಅನ್ನೋದು ಆಗ ಗೊತ್ತಿರಲಿಲ್ಲ. ಹಾಲಿಗೆ ಪ್ರೋಟೀನ್ ಪೌಡರ್ ಹಾಕಿ ದಿನಕ್ಕೆ ಮೂರು ಸಲ ಕುಡಿಯುತ್ತಿದ್ದೆ. ಹಾಲು ಬಿಟ್ಟ ಮೇಲೆ ನಾಲ್ಕು ದಿನದಲ್ಲಿ ಹೊಟ್ಟೆ ಇಳಿಯಿತು, ಅದು ಗ್ಯಾಸ್. ಕಾಲಿನ ಗುಳಿ ಮಾತ್ರ ಹಾಗೇ ಇತ್ತು.

ಯಾಕೆ ಹೀಗಾಗುತ್ತೆ ಅಂತ ಡಾಕ್ಟರ್ ಹೇಳಿದ್ದನ್ನು ನನ್ನ ಮಾತಲ್ಲೇ ಬರೀತೀನಿ. ಹೊರಗಿನಿಂದ ಹಾಕಿಕೊಂಡ ಟೆಸ್ಟೋಸ್ಟಿರಾನ್‌ನಲ್ಲಿ ಒಂದು ಪಾಲು ಮೈಯೊಳಗೆ ಈಸ್ಟ್ರೋಜನ್ ಅನ್ನೋ ಹೆಣ್ಣು ಹಾರ್ಮೋನ್ ಆಗಿ ಬದಲಾಗುತ್ತೆ. ಅದನ್ನು ಬದಲಾಯಿಸುವ ಅರೋಮಟೇಸ್ ಅನ್ನೋ ಕಿಣ್ವ ಕೊಬ್ಬಿನಲ್ಲಿ ಜಾಸ್ತಿ ಇರುತ್ತೆ. ಹಾಗಾಗಿ ಮೈಯಲ್ಲಿ ಕೊಬ್ಬು ಇದ್ದಷ್ಟೂ ಬದಲಾವಣೆ ಜಾಸ್ತಿ. ಡಿ-ಬೋಲ್‌ದೂ ಇದೇ ಕಥೆ. ಈಸ್ಟ್ರೋಜನ್ ಏರಿದಾಗ ಕಿಡ್ನಿ ಉಪ್ಪನ್ನು ಹೊರಗೆ ಬಿಡಲ್ಲ, ಹಿಡಿದಿಟ್ಟುಕೊಳ್ಳುತ್ತೆ. ಟೆಸ್ಟೋಸ್ಟಿರಾನ್ ತಾನೇ ನೇರವಾಗಿಯೂ ಕಿಡ್ನಿಗೆ ಇದೇ ಕೆಲಸ ಹಚ್ಚುತ್ತೆ. ಉಪ್ಪು ಇದ್ದಲ್ಲಿ ನೀರು. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಡಬ್ಬಿ ನೀರಾಡುತ್ತಲ್ವಾ, ಅದನ್ನು ನೆನೆಸಿಕೊಳ್ಳಿ. ಆ ನೀರು ಬರೀ ಕೆನ್ನೆಯಲ್ಲಿ ನಿಲ್ಲಲ್ಲ. ರಕ್ತನಾಳದಲ್ಲೂ ತುಂಬುತ್ತೆ, ಬಿಪಿ ಏರುತ್ತೆ, ಹೃದಯ ಹಗಲೂ ರಾತ್ರಿ ಜಾಸ್ತಿ ಒತ್ತಡದಲ್ಲಿ ತಳ್ಳಬೇಕಾಗುತ್ತೆ. ಜಿಮ್‌ನಲ್ಲಿ ನಾವೆಲ್ಲ ಕನ್ನಡಿಯಲ್ಲಿ ಮುಖ ನೋಡಿಕೊಂಡು "ವಾಟರ್ ಹಿಡಿದಿದೆ" ಅಂತ ಮಾತಾಡುತ್ತಿದ್ದೆವು. ಎರಡು ತಿಂಗಳಲ್ಲಿ ಬಿಪಿ ಎಷ್ಟಿದೆ ಅಂತ ಒಬ್ಬರೂ ಒಂದು ಸಲವೂ ಕೇಳಲಿಲ್ಲ. ನನಗೆ ಈಗಲೂ ಸಿಟ್ಟು ಬರೋದು ಇದಕ್ಕೇ.

ಆಗ ನಾನು ಮಾಡಿದ್ದೆಲ್ಲ ಉಲ್ಟಾ. ನೀರು ಕುಡಿಯೋದು ಕಮ್ಮಿ ಮಾಡಿದೆ. ಕಮ್ಮಿ ಕುಡಿದರೆ ಮೈ ಇನ್ನೂ ಗಟ್ಟಿಯಾಗಿ ಹಿಡಿದಿಟ್ಟುಕೊಳ್ಳುತ್ತೆ. ಬಿಸಿಲಲ್ಲಿ ಜಾಕೆಟ್ ಹಾಕಿಕೊಂಡು ಓಡಿದೆ. ಭುಜ ನೋವಿಗೆ ಅಂತ ಮೂರು ವಾರ ಡೈಕ್ಲೋಫೆನಾಕ್ ನುಂಗಿದೆ. ಆ ಜಾತಿಯ ನೋವಿನ ಮಾತ್ರೆಗಳೂ ಕಿಡ್ನಿಯಲ್ಲಿ ಉಪ್ಪು ನೀರು ನಿಲ್ಲಿಸುತ್ತವೆ, ಬಿಪಿ ಏರಿಸುತ್ತವೆ. ಒಂದರ ಮೇಲೊಂದು. ಸಂಜೆಗೆ ಮಂಡಕ್ಕಿ ಮಿರ್ಚಿ ಅಂತೂ ನಮ್ಮೂರಲ್ಲಿ ಬಿಡೋಕೆ ಆಗಲ್ಲ, ಅದರ ಉಪ್ಪಿನ ಲೆಕ್ಕವೇ ಇಟ್ಟಿರಲಿಲ್ಲ.

ಜನವರಿ ಕೊನೆಗೆ ಅದೇ ಸೀನಿಯರ್ ಅರ್ಧ ಸ್ಟ್ರಿಪ್ ಫ್ಯೂರೋಸೆಮೈಡ್ ಅನ್ನೋ ವಾಟರ್ ಮಾತ್ರೆ ಕೊಟ್ಟ. ಒಂದು ಮಾತ್ರೆ ನುಂಗಿದೆ. ರಾತ್ರಿ ಎಷ್ಟು ಸಲ ಬಚ್ಚಲಿಗೆ ಹೋದೆನೋ ನೆನಪಿಲ್ಲ. ಮೂರು ಗಂಟೆ ಹೊತ್ತಿಗೆ ಎಡಗಾಲಿನ ಮೀನಖಂಡ ಕಲ್ಲಿನ ಹಾಗೆ ಹಿಡಿದುಕೊಂಡಿತು. ಎದ್ದು ನಿಂತೆ, ಕಣ್ಣು ಕತ್ತಲೆ ಬಂತು. ಗೋಡೆ ಹಿಡಿದು ಹಾಗೇ ಕೆಳಗೆ ಕೂತೆ. ಎದೆ ಒಂದು ಸಲ ಹೊಡೆದು, ಒಂದು ಬಿಟ್ಟು, ಆಮೇಲೆ ಎರಡು ಒಟ್ಟಿಗೆ ಹೊಡೆದ ಹಾಗಾಯಿತು. ಬೆಳಿಗ್ಗೆ ತೂಕ ಎರಡೂವರೆ ಕೆಜಿ ಕಮ್ಮಿ, ದವಡೆ ಕಾಣುತ್ತಿತ್ತು. ಅದನ್ನು ನೋಡಿ ಖುಷಿಪಟ್ಟೆ. ಮೂರು ದಿನಕ್ಕೆ ಎಲ್ಲಾ ವಾಪಸ್ ಬಂತು. ಬರಲೇಬೇಕು, ಉಪ್ಪು ಹಿಡಿಸುತ್ತಿದ್ದ ಇಂಜೆಕ್ಷನ್ ನಡೀತಾನೇ ಇತ್ತಲ್ಲ.

ಫೆಬ್ರವರಿ ಮೊದಲ ವಾರ ಹಿಂದಲೆ ನೋವು ಅಂತ ಬಿಪಿ ನೋಡಿಸಿದೆ. 162/100. ನನಗೆ 29 ವರ್ಷ.

ಡಾಕ್ಟರ್ ಹತ್ತಿರ ಮೊದಲು ಸುಳ್ಳು ಹೇಳಿದೆ. ಬರೀ ಪ್ರೋಟೀನ್ ಅಂದೆ. ಅವರು ನನ್ನ ತೋಳು ನೋಡಿದರು, ಬೆನ್ನ ಮೇಲಿನ ಮೊಡವೆ ನೋಡಿದರು. "ನೋಡಪ್ಪ, ನಾನು ಪೊಲೀಸ್ ಅಲ್ಲ. ಏನು ತಗೊಂಡೆ ಅಂತ ಗೊತ್ತಾಗದೆ ಬಿಪಿ ಮಾತ್ರೆ ಬರೆದರೆ ನಿನಗೇ ತೊಂದರೆ" ಅಂದರು. ಹೇಳಿಬಿಟ್ಟೆ. ಬೈತಾರೆ ಅಂದುಕೊಂಡಿದ್ದೆ, ಬೈಯಲಿಲ್ಲ. ಹೆಸರು, ಎಷ್ಟು ವಾರ, ಕೊನೆಯದು ಯಾವಾಗ ಅಂತ ಬರೆದುಕೊಂಡರು. ಕಿಡ್ನಿ, ಲಿವರ್, ಪೊಟ್ಯಾಸಿಯಂ, ಕೊಲೆಸ್ಟ್ರಾಲ್, ಮೂತ್ರದಲ್ಲಿ ಪ್ರೋಟೀನ್, ಇಸಿಜಿ, ಎಕೋ (ಹೃದಯದ ಸ್ಕ್ಯಾನ್) ಎಲ್ಲಾ ಮಾಡಿಸಿದರು. ಒಳ್ಳೆಯ ಕೊಲೆಸ್ಟ್ರಾಲ್ 22ಕ್ಕೆ ಇಳಿದಿತ್ತು, 40ಕ್ಕಿಂತ ಮೇಲಿರಬೇಕಿತ್ತು. ರಕ್ತ ದಪ್ಪ ಆಗಿತ್ತು. ಎಕೋ ಸರಿ ಇದೆ ಅಂದಾಗ ಕ್ಲಿನಿಕ್‌ನಲ್ಲೇ ಅತ್ತುಬಿಟ್ಟೆ.

ವಾಟರ್ ಮಾತ್ರೆಯ ವಿಷಯ ಹೇಳಿದಾಗ ಮಾತ್ರ ಅವರ ಮುಖ ಬದಲಾಯಿತು. ಫ್ಯೂರೋಸೆಮೈಡ್ ನೀರಿನ ಜೊತೆ ಪೊಟ್ಯಾಸಿಯಂ ಅನ್ನೂ ಹೊರಗೆ ಹಾಕುತ್ತೆ, ಅದು ತೀರಾ ಇಳಿದರೆ ಹೃದಯದ ತಾಳ ತಪ್ಪುತ್ತೆ. ಸ್ಪೈರೋನೋಲ್ಯಾಕ್ಟೋನ್ ಅನ್ನೋ ಇನ್ನೊಂದು ಮಾತ್ರೆ ಪೊಟ್ಯಾಸಿಯಂ ಉಳಿಸುತ್ತೆ. ಅದನ್ನು ನುಂಗಿ, ಒಳ್ಳೆಯದು ಅಂತ ದಿನಕ್ಕೆ ನಾಲ್ಕು ಎಳನೀರು ಕುಡಿದರೆ ಪೊಟ್ಯಾಸಿಯಂ ಏರಿ ಆ ಕಡೆಯಿಂದಲೂ ಅದೇ ಅಪಾಯ. ಯಾವ ಮಾತ್ರೆ ಅಂತಲೇ ಗೊತ್ತಿಲ್ಲದೆ ಒಬ್ಬರಿಗೊಬ್ಬರು ಸ್ಟ್ರಿಪ್ ಹರಿದು ಕೊಡ್ತೀವಲ್ಲ, ಯೋಚನೆ ಮಾಡಿ. ಆ ರಾತ್ರಿ ಮನೆಗೆ ಬಂದು ಓದಿದೆ. ಮೊಹಮ್ಮದ್ ಬೆನಾಝೀಝಾ, ದೊಡ್ಡ ದೊಡ್ಡ ಬಾಡಿಬಿಲ್ಡಿಂಗ್ ಸ್ಪರ್ಧೆ ಗೆದ್ದವನು, 1992ರಲ್ಲಿ ನೆದರ್‌ಲ್ಯಾಂಡ್ಸ್‌ನ ಸ್ಪರ್ಧೆ ಮುಗಿದ ಕೂಡಲೇ ಸತ್ತ. ಮೈಯ ನೀರು ಬತ್ತಿಸುವ ಮಾತ್ರೆಗಳೇ ಕಾರಣ ಅಂತ ಹೇಳುತ್ತಾರೆ. ಆಸ್ಟ್ರಿಯಾದ ಬಾಡಿಬಿಲ್ಡರ್ ಆಂಡ್ರಿಯಾಸ್ ಮುಂಜರ್ 1996ರ ಮಾರ್ಚ್‌ನಲ್ಲಿ ಮ್ಯೂನಿಕ್‌ನಲ್ಲಿ ಸತ್ತಾಗ 31 ವರ್ಷ. ನನಗಿಂತ ಎರಡೇ ವರ್ಷ ದೊಡ್ಡವನು.

ಈಸ್ಟ್ರೋಜನ್ ಇಳಿಸುವ ಮಾತ್ರೆ ತಗೊಂಡರೆ ಆಗಲ್ವಾ ಅಂತಲೂ ಕೇಳಿದೆ, ಜಿಮ್‌ನಲ್ಲಿ ಎಲ್ಲರೂ ಹೇಳೋದು ಅದನ್ನೇ. ಗಂಡಸರ ಮೂಳೆಗೂ ಈಸ್ಟ್ರೋಜನ್ ಬೇಕು, ಅಂದಾಜಿನಲ್ಲಿ ಇಳಿಸಿದರೆ ಕೀಲು ನೋವು ಬರುತ್ತೆ, ಮೊದಲೇ ಹದಗೆಟ್ಟಿರೋ ಕೊಲೆಸ್ಟ್ರಾಲ್ ಇನ್ನೂ ಕೆಡುತ್ತೆ ಅಂದರು. ಬಿಟ್ಟೆ.

ಸ್ಟಿರಾಯ್ಡ್ ನಿಲ್ಲಿಸಿದೆ. ಡಾಕ್ಟರ್ ಬರೆದ ಬಿಪಿ ಮಾತ್ರೆ ನಡೀತಿದೆ. ಮೈ ತನ್ನ ಟೆಸ್ಟೋಸ್ಟಿರಾನ್ ಮತ್ತೆ ಶುರು ಮಾಡೋಕೆ ತಿಂಗಳುಗಟ್ಟಲೆ ಹಿಡಿಯಬಹುದು. ಫೆಬ್ರವರಿಯಲ್ಲಿ ಎರಡು ವಾರ ಯಾರ ಜೊತೆಗೂ ಮಾತಾಡೋಕೆ ಮನಸ್ಸಿರಲಿಲ್ಲ. ಅದನ್ನೂ ಡಾಕ್ಟರ್‌ಗೆ ಹೇಳಿದೆ, ಹಾರ್ಮೋನ್ ಡಾಕ್ಟರ್ ಹತ್ತಿರ ಕಳಿಸಿದ್ದಾರೆ. ಇದನ್ನು ಮುಚ್ಚಿಡಬೇಡಿ.

ಮನೆಯಲ್ಲಿ ದೊಡ್ಡ ಕೆಲಸ ಮಾಡಿದ್ದು ಅಮ್ಮ. ದಿನಕ್ಕೆ 5 ಗ್ರಾಂಗಿಂತ ಕಮ್ಮಿ ಉಪ್ಪು ಅನ್ನೋದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ, ಹೆಚ್ಚುಕಮ್ಮಿ ಒಂದು ಟೀ ಚಮಚ. ಅಮ್ಮ ಬೆಳಿಗ್ಗೆ ನನ್ನ ಪಾಲಿನ ಉಪ್ಪನ್ನು ಸಣ್ಣ ಬಟ್ಟಲಿಗೆ ಹಾಕಿ ಇಡುತ್ತಾರೆ. ನನ್ನ ಪಲ್ಯ, ಸಾರು ಎಲ್ಲಾ ಅದರಲ್ಲೇ ಆಗಬೇಕು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಇಲ್ಲ. ಮಜ್ಜಿಗೆಗೆ ಉಪ್ಪಿನ ಬದಲು ಶುಂಠಿ, ಕರಿಬೇವು. ಜೋಳದ ರೊಟ್ಟಿಗೆ ಹೇಗೂ ಉಪ್ಪು ಹಾಕಲ್ಲ, ಅದೇ ಈಗ ನನ್ನ ಆಧಾರ. ನೀರು ಬಾಯಾರಿದಷ್ಟು ಕುಡೀತೀನಿ. ಬೆಳಿಗ್ಗೆ ಎದ್ದ ಕೂಡಲೇ ತೂಕ, ಬೆಳಿಗ್ಗೆ ಸಂಜೆ ಬಿಪಿ, ಎರಡನ್ನೂ ಹಳೇ ಡೈರಿಯಲ್ಲಿ ಬರೀತೀನಿ. ಫೆಬ್ರವರಿ 27ಕ್ಕೆ ಉಂಗುರ ಸೋಪಿಲ್ಲದೆ ಬಂತು. ಇವತ್ತು ತೂಕ 78.

ಓದುತ್ತಿರೋರು ಯಾರಾದರೂ ಇದೇ ದಾರಿಯಲ್ಲಿದ್ದರೆ ದಯವಿಟ್ಟು ಇಷ್ಟು ನೆನಪಿಡಿ. ಒಂದೇ ಕಾಲು ಊದಿ ನೋವಿದ್ದರೆ ಅದು ಬರೀ ನೀರು ಅಂದುಕೊಳ್ಳಬೇಡಿ, ರಕ್ತ ಹೆಪ್ಪುಗಟ್ಟಿರಬಹುದು. ಮಲಗಿದರೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ, ತಲೆ ಸುತ್ತಿ ಬಿದ್ದರೆ, ಮೂತ್ರ ತೀರಾ ಕಮ್ಮಿ ಆದರೆ ಬೆಳಗಾಗಲಿ ಅಂತ ಕಾಯಬೇಡಿ. ಆ ರಾತ್ರಿಯೇ ಆಸ್ಪತ್ರೆಗೆ ಹೋಗಿ, ಏನು ತಗೊಂಡಿದ್ದೀರಿ ಅಂತ ನಿಜ ಹೇಳಿ. ಮೂತ್ರದಲ್ಲಿ ದಿನಾ ನೊರೆ ಬರುತ್ತಿದ್ದರೆ ಅದನ್ನೂ ಬೇಗ ತೋರಿಸಿ.

ಈಗ ಆ ಹುಡುಗನ ವಿಷಯ. ಮಾತ್ರೆ ಕೊಡಲ್ಲ ಅಂದೆ. ಮುಖ ಸಪ್ಪೆ ಮಾಡಿಕೊಂಡು ಹೊರಟ. ಕೈ ಹಿಡಿದು ಕೂರಿಸಿ, ಶೂ ಬಿಚ್ಚು ಅಂದೆ. ಕಾಲುಚೀಲ ಇಳಿಸಿದ, ಅದೇ ಗೆರೆ. ಹೆಬ್ಬೆರಳಿಟ್ಟು ಒತ್ತಿ ತೆಗೆದೆ, ಇಬ್ಬರೂ ನೋಡಿದೆವು. ಐದು ನಿಮಿಷ ಸುಮ್ನೆ ಕೂರಿಸಿ, ಬ್ಯಾಗ್‌ನಲ್ಲಿದ್ದ ನನ್ನ ಬಿಪಿ ಮಷಿನ್ ಅವನ ತೋಳಿಗೆ ಕಟ್ಟಿದೆ. ಅವನ ತೋಳಿಗೆ ಪಟ್ಟಿ ಸಾಲಲ್ಲ ಅನ್ನಿಸಿತು, ಅದೃಷ್ಟಕ್ಕೆ ದೊಡ್ಡ ಪಟ್ಟಿಯೂ ಇತ್ತು. 168/104. "ಮಷಿನ್ ಸರಿ ಇಲ್ವೇನೋ ಅಣ್ಣಾ" ಅಂದ. ನನ್ನ ತೋಳಿಗೆ ಕಟ್ಟಿ ತೋರಿಸಿದೆ, 128/82. ಮತ್ತೆ ಅವನಿಗೆ ಕಟ್ಟಿದೆ, 164/102. ಅವನು ಏನೂ ಮಾತಾಡಲಿಲ್ಲ, ಕಾಲಿನ ಆ ಗುಳಿಯನ್ನೇ ಬೆರಳಿಂದ ಸವರುತ್ತಿದ್ದ.

ನಾಳೆ ಅರ್ಧ ದಿನ ರಜೆ ಹಾಕಿದ್ದೀನಿ. ಡಾಕ್ಟರ್‌ಗೆ ಫೋನ್ ಮಾಡಿ ಹೇಳಿದ್ದೀನಿ, ಹತ್ತು ಗಂಟೆಗೆ ಕರ್ಕೊಂಡು ಬಾ ಅಂದಿದ್ದಾರೆ. ಇದನ್ನು ಬರೆಯುತ್ತಿರುವಾಗಲೇ ಅವನ ಮೆಸೇಜ್ ಬಂತು. "ಬರ್ತೀನಿ ಅಣ್ಣಾ. ಮನೇಲಿ ಅಮ್ಮಂಗೆ ಮಾತ್ರ ಹೇಳ್ಬೇಡಿ." ಒಂಬತ್ತೂವರೆಗೆ ನಿಮ್ಮ ಬೀದಿ ತುದಿಗೆ ಬರ್ತೀನಿ, ಹತ್ತಿರ ಇರೋ ಸ್ಟ್ರಿಪ್, ಬಾಟ್ಲು ಎಲ್ಲಾ ಕವರಿಗೆ ಹಾಕ್ಕೊಂಡು ಬಾ ಅಂತ ಉತ್ತರ ಕಳಿಸಿದೆ.