ವಾತಾವರಣ ರಸಾಯನದವರ ಅರ್ಜಿ: ಕೊಳವೆಯ ಲೆಕ್ಕ ಗೊತ್ತಿರಲಿ

ವಾತಾವರಣ ರಸಾಯನಶಾಸ್ತ್ರದಲ್ಲಿ ಪೋಸ್ಟ್‌ಡಾಕ್ ಮುಗಿಸಿ ಅಧ್ಯಾಪಕ ಹುದ್ದೆಗೆ ಅರ್ಜಿ ಹಾಕುವವರ ಸಂಶೋಧನಾ ಪ್ರಸ್ತಾವ ಎಷ್ಟೋ ಸಲ ಉಪಕರಣದಿಂದಲೇ ಶುರುವಾಗುತ್ತದೆ. ಪಿಟಿಆರ್-ಎಂಎಸ್‌ನಲ್ಲಿ (ಗಾಳಿಯಲ್ಲಿನ ಸಾವಯವ ಆವಿಗಳನ್ನು ಅಳೆಯುವ ಉಪಕರಣ) ಕೈ ಪಳಗಿದೆ, ಸರಿ. ಆದರೆ ಆಯ್ಕೆ ಸಮಿತಿಯಲ್ಲಿ ಸಾವಯವ ರಸಾಯನದವರೂ ಇರುತ್ತಾರೆ, ಹವಾಮಾನ ಮಾದರಿಯವರೂ ಇರುತ್ತಾರೆ. ಅವರು ಹುಡುಕುವುದು ಪ್ರಶ್ನೆಯನ್ನು. ರಾತ್ರಿ ಹೊತ್ತು ನೈಟ್ರೇಟ್ ರ‍್ಯಾಡಿಕಲ್ ಕಾಡಿನ ಮೋನೋಟರ್ಪೀನ್‌ಗಳ (ಮರಗಳು ಬಿಡುವ ಸಾವಯವ ಆವಿಗಳು) ಮೇಲೆ ಬಿದ್ದು ಎಷ್ಟು ಏರೋಸಾಲ್ (ಗಾಳಿಯಲ್ಲಿ ತೇಲುವ ಸೂಕ್ಷ್ಮ ಕಣ) ಹುಟ್ಟಿಸುತ್ತದೆ? ಇಂಥದ್ದೊಂದು ಮೊದಲ ಪ್ಯಾರಾದಲ್ಲೇ ಬರಲಿ. ಅದು ನಿಮ್ಮ ಗೈಡ್ ಈಗಾಗಲೇ ಕೇಳುತ್ತಿರುವ ಪ್ರಶ್ನೆಯೇ ಆಗಿದ್ದರೆ ಕಷ್ಟ. ಅವರ ಉಪಕರಣ ನಿಮ್ಮ ಜೊತೆ ಬರುವುದಿಲ್ಲ, ಅವರ ಹೆಸರೂ ಬರಬಾರದು.

ಸಂದರ್ಶನದಲ್ಲಿ ಮುಂದಿನ ಸಂಶೋಧನೆಯನ್ನು ಸಮಿತಿಗೆ ವಿವರಿಸುವ ಚಾಕ್ ಟಾಕ್‌ನಲ್ಲಿ ಸ್ಲೈಡ್ ಇರುವುದಿಲ್ಲ, ಬೋರ್ಡ್ ಮಾತ್ರ. ಬಹಳ ಮಂದಿ ಮುಗ್ಗರಿಸುವುದು ಅಲ್ಲೇ. ‘ನೀವು ತೋರಿಸಿದ ಎನ್‌ಒ2 (ನೈಟ್ರೋಜನ್ ಡೈಆಕ್ಸೈಡ್) ನಿಜವಾಗಿ ಎನ್‌ಒ2 ತಾನೇ?’ ಅಂತ ಒಬ್ಬರು ಕೇಳಿಯೇ ಕೇಳುತ್ತಾರೆ. ಕೆಮಿಲ್ಯೂಮಿನಿಸೆನ್ಸ್ ಉಪಕರಣ ನೇರವಾಗಿ ಅಳೆಯುವುದು ಎನ್‌ಒ (ನೈಟ್ರಿಕ್ ಆಕ್ಸೈಡ್) ಮಾತ್ರ, ಹಾಗಾಗಿ ಎನ್‌ಒ2ವನ್ನು ಮೊದಲು ಎನ್‌ಒ ಮಾಡಬೇಕು. ಅದರ ಮಾಲಿಬ್ಡಿನಮ್ ಕನ್ವರ್ಟರ್ ಸುಮಾರು 325 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎನ್‌ಒ2 ಜೊತೆಗೆ ಪ್ಯಾನ್ (ಪೆರಾಕ್ಸಿಅಸಿಟೈಲ್ ನೈಟ್ರೇಟ್), ನೈಟ್ರಿಕ್ ಆಮ್ಲಗಳನ್ನೂ ಎನ್‌ಒ ಮಾಡಿಬಿಡುತ್ತದೆ. ಎನ್‌ಒ2 ಅಳತೆ ಇರುವುದಕ್ಕಿಂತ ಹೆಚ್ಚು ಬರುತ್ತದೆ, ಅದರಲ್ಲೂ ಮಧ್ಯಾಹ್ನ, ಊರಿನಿಂದ ದೂರದಲ್ಲಿ. 395 ನ್ಯಾನೋಮೀಟರ್ ಆಸುಪಾಸಿನ ಎಲ್‌ಇಡಿ ಬಳಸುವ ಫೋಟೋಲಿಟಿಕ್ ಕನ್ವರ್ಟರ್ (ಬಿಸಿಯ ಬದಲು ಬೆಳಕಿನಿಂದ ಎನ್‌ಒ2 ಒಡೆಯುವಂಥದ್ದು) ಏಕೆ ಬೇಕು ಅಂತ ಹೇಳಲು ಇದೇ ಜಾಗ.

ಇನ್ನೊಂದು ಲೆಕ್ಕ ಬೋರ್ಡ್ ಮೇಲೆ ಹಾಕಿ ತೋರಿಸಿ. ಒಳವ್ಯಾಸ 4 ಮಿ.ಮೀ., ಉದ್ದ 10 ಮೀಟರ್ ಇರುವ, ಹೊರಗಿನ ಗಾಳಿಯನ್ನು ಉಪಕರಣಕ್ಕೆ ತರುವ ಕೊಳವೆಯಲ್ಲಿ ಸುಮಾರು 126 ಮಿ.ಲೀ. ಗಾಳಿ ಹಿಡಿಯುತ್ತದೆ. ನಿಮಿಷಕ್ಕೆ 1 ಲೀಟರ್ ಎಳೆದರೆ ಗಾಳಿ ಒಳಗೆ 7.5 ಸೆಕೆಂಡು ಉಳಿಯಿತು. ಗಾಳಿಯಲ್ಲಿ ಓಝೋನ್ 40 ಪಿಪಿಬಿ (ನೂರು ಕೋಟಿಯಲ್ಲಿ 40 ಭಾಗ) ಇದ್ದರೆ ಅಷ್ಟರಲ್ಲೇ ಅದರ ಜೊತೆ ವರ್ತಿಸಿ ಎನ್‌ಒ ನೂರಕ್ಕೆ ಹದಿಮೂರರಷ್ಟು ಎನ್‌ಒ2 ಆಗಿಬಿಟ್ಟಿರುತ್ತದೆ. ಎನ್‌ಒ2ವನ್ನು ಮತ್ತೆ ಎನ್‌ಒ ಮಾಡುವುದು ಬಿಸಿಲು; ಕೊಳವೆಯೊಳಗೆ ಬಿಸಿಲಿಲ್ಲ, ಹಾಗಾಗಿ ಹಿಂದಕ್ಕೆ ಬರುವ ದಾರಿಯೂ ಇಲ್ಲ. ಹರಿವನ್ನು 5 ಲೀಟರ್‌ಗೆ ಏರಿಸಿದರೆ ನಷ್ಟ ಮೂರರ ಒಳಗೆ ಇಳಿಯುತ್ತದೆ. ಎರಡು ನಿಮಿಷದ ಈ ಲೆಕ್ಕ ಇಪ್ಪತ್ತು ಪ್ರಬಂಧಗಳ ಪಟ್ಟಿಗಿಂತ ಹೆಚ್ಚು ಕೆಲಸ ಮಾಡುತ್ತದೆ ಅನ್ನುವುದು ನನ್ನ ಅಂದಾಜು.

ಶಿಫಾರಸು ಪತ್ರದವರಿಗೆ ಒಂದು ತಿಂಗಳು ಮುಂಚೆ ಹೇಳಿ. ಮೂವರಲ್ಲಿ ಒಬ್ಬರಾದರೂ ನಿಮ್ಮ ಲ್ಯಾಬಿನ ಹೊರಗಿನವರಿರಲಿ.

ಹೊಸ ಲ್ಯಾಬ್ ಕಟ್ಟಲು ಸಂಸ್ಥೆಯಿಂದ ಕೇಳುವ ಸಾಮಾನಿನ ಪಟ್ಟಿಯಲ್ಲಿ (ಸ್ಟಾರ್ಟ್‌ಅಪ್ ಪಟ್ಟಿ) ದೊಡ್ಡ ಉಪಕರಣವನ್ನು ಯಾರೂ ಮರೆಯುವುದಿಲ್ಲ. ಮರೆಯುವುದು ಅದರ ಹಿಂದಿನ ಸಾಮಾನು: ಝೀರೋ ಏರ್ (ಅಳೆಯುವ ಅನಿಲಗಳಿಲ್ಲದ ಶುದ್ಧ ಗಾಳಿ) ಜನರೇಟರ್, ಅನಿಲದ ಹರಿವು ಹಿಡಿತದಲ್ಲಿಡುವ ಮಾಸ್ ಫ್ಲೋ ಕಂಟ್ರೋಲರ್‌ಗಳು, ಪಂಪಿನ ರಿಪೇರಿ ಕಿಟ್, ಪಿಎಫ್‌ಎ (ಟೆಫ್ಲಾನ್ ಜಾತಿಯ ಪ್ಲಾಸ್ಟಿಕ್) ಕೊಳವೆ, ಯುಪಿಎಸ್, ಕ್ಯಾಲಿಬ್ರೇಷನ್‌ಗೆ ಸಾರಜನಕದಲ್ಲಿ ಬೆರೆಸಿದ ಎನ್‌ಒ ಸಿಲಿಂಡರ್. ಆ ಸಿಲಿಂಡರಿಗೆ ಸ್ಟೇನ್‌ಲೆಸ್ ಸ್ಟೀಲ್ ರೆಗ್ಯುಲೇಟರ್ ಬರೆಯಿರಿ. ಹಾಕಿದ ಮೇಲೆ ಹಲವು ಸಲ ಪರ್ಜ್ ಮಾಡದಿದ್ದರೆ (ಅನಿಲ ಹಾಯಿಸಿ ಒಳಗಿನ ಗಾಳಿಯನ್ನು ಹೊರಹಾಕದಿದ್ದರೆ) ಒಳಗುಳಿದ ಗಾಳಿಯ ಆಮ್ಲಜನಕವೇ ಎನ್‌ಒವನ್ನು ತಿಂದು, ಕ್ಯಾಲಿಬ್ರೇಷನ್ ಮೊದಲ ದಿನವೇ ದಾರಿ ತಪ್ಪುತ್ತದೆ.

ಸಂದರ್ಶನಕ್ಕೆ ಹೋದಾಗ ಕೊಡಲಿರುವ ಕೋಣೆಯನ್ನು ಕಣ್ಣಾರೆ ನೋಡಿ. ತಾರಸಿಗೆ ಕೊಳವೆ ಒಯ್ಯಲು ಗೋಡೆ ಕೊರೆಯಬಹುದೇ, ಪಕ್ಕದಲ್ಲೇ ಫ್ಯೂಮ್ ಹುಡ್‌ಗಳ ಹೊಗೆ ಬಿಡುವ ಚಿಮಣಿ ಇದೆಯೇ, ಎಸಿ ರಾತ್ರಿ ಆರಿಸುತ್ತಾರೆಯೇ ಎಂದು ಕೇಳಿ. ಆರಿಸುತ್ತಾರೆ ಅಂದರೆ ಪ್ರತ್ಯೇಕ ಎಸಿಯನ್ನೂ ಪಟ್ಟಿಗೆ ಸೇರಿಸಿ.